ಕೂದಲೆಳೆಯ ಅಕ್ಷರ

"ಗುರುಗಳೇ, ತಾವು ಹೇಳಿಕೊಟ್ಟ ಮಾತನ್ನು ಒಂದಿಷ್ಟೂ ಬದಲಿಸದೆ ಹೇಳಿದೆ. ಆದರೂ ಅದು ಕೇಳಿದವರನ್ನು ಮುಟ್ಟಲಿಲ್ಲ. ತಪ್ಪು ಮಾತಿನದೋ, ಕೇಳಿದವರದೋ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಅಡವಯ್ಯ. ಹನ್ನೆರಡು ವರ್ಷ ಮಠದಲ್ಲಿ ಓದಿದವನು. ಗುರುಗಳು ಅವನನ್ನು ಮೊದಲ ಸಲ ಹೊರಗೆ ಕಳಿಸಿದ್ದರು. ನೇಕಾರರ ಒಂದು ಊರಿನಲ್ಲಿ ಒಂದು ತಿಂಗಳು ದಿನಾ ಸಂಜೆ ಪ್ರವಚನ ಮಾಡಿ ಅವನು ಅಂದು ಬೆಳಗ್ಗೆ ಮರಳಿದ್ದ.

"ಮುಟ್ಟಲಿಲ್ಲವೆಂದು ನಿನಗೆ ಹೇಗೆ ಗೊತ್ತಾಯಿತು?" ಎಂದರು ಗುರುಗಳು.

"ಮೂವತ್ತು ದಿನವೂ ಜನ ತುಂಬಿದ್ದರು. ಎಲ್ಲರೂ ತಲೆಯಾಡಿಸುತ್ತಿದ್ದರು. ನನಗೂ ಸಂತೋಷವಾಗಿತ್ತು. ಕೊನೆಯ ದಿನ ಒಬ್ಬ ಮುದುಕಿ ಬಂದು ಕಾಲಿಗೆ ಬಿದ್ದು, 'ಭಾಳ ಚಲೋ ಹೇಳಿದ್ರಿ ಅಪ್ಪಾರ. ಏನ್ ಹೇಳಿದ್ರಿ ಅನ್ನೂದೊಂದು ತಿಳೀಲಿಲ್ಲ ನೋಡ್ರಿ' ಎಂದಳು. ಅಲ್ಲಿದ್ದವರೆಲ್ಲ ಅದಕ್ಕೂ ತಲೆಯಾಡಿಸಿದರು."

ಗುರುಗಳಿಗೆ ನಗು ಬಂತು. ಅಡವಯ್ಯನಿಗೆ ಬರಲಿಲ್ಲ.

"ಈ ಕೆಲಸ ನನಗೆ ಹೇಳಿಸಿದ್ದಲ್ಲ ಗುರುಗಳೇ. ಇನ್ನು ಮಠದಲ್ಲೇ ಕಸ ಗುಡಿಸಿಕೊಂಡಿರುತ್ತೇನೆ."

"ಕಸ ಗುಡಿಸುವುದು ಪ್ರವಚನಕ್ಕಿಂತ ಸುಲಭವೆಂದು ನಿನಗೆ ಯಾರು ಹೇಳಿದರು? ಕೂತುಕೋ. ಒಬ್ಬ ಅಕ್ಕಸಾಲಿಗನ ಕತೆ ಹೇಳುತ್ತೇನೆ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ಆ ಊರಿಗೆ ಹೊಸದಾಗಿ ಅಚ್ಚುಕೂಟ ಬಂದಾಗ ಅವನು ಚಿನ್ನದ ಕೆಲಸ ಬಿಟ್ಟು ಅಕ್ಷರ ಕೆತ್ತುವ ಕೆಲಸ ಹಿಡಿದ. ಆಗೆಲ್ಲ ಅಚ್ಚಿನ ಅಕ್ಷರ ಹುಟ್ಟುತ್ತಿದ್ದುದು ಕೈಯಿಂದ. ಬೆರಳುದ್ದದ ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುವಿ ಕೆತ್ತಬೇಕು. ಆ ಕಡ್ಡಿಯನ್ನು ತಾಮ್ರದ ತುಂಡಿನ ಮೇಲಿಟ್ಟು ಹೊಡೆದರೆ ಅಕ್ಷರದ ಗುಳಿ ಬೀಳುತ್ತದೆ. ಆ ಗುಳಿಗೆ ಕಾದ ಸೀಸ ಹೊಯ್ದರೆ ಅಚ್ಚಿನ ಮೊಳೆ. ಒಂದು ಕಡ್ಡಿ ಕೆತ್ತಲು ಎರಡು ದಿನ ಬೇಕು. ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಎಷ್ಟು ಕಡ್ಡಿಗಳಾಗುತ್ತವೆ ಎಂಬುದನ್ನು ನೀನೇ ಊಹಿಸು. ಅವಸರದವರ ಕೆಲಸವಲ್ಲ.

ಒಮ್ಮೆ ಅಚ್ಚುಕೂಟದ ಯಜಮಾನ ಪರದೇಶದ ಹಳೆಯ ಪುಸ್ತಕವೊಂದನ್ನು ತಂದು ಅವನ ಮುಂದಿಟ್ಟ. ಅದರ ಭಾಷೆ ಇಬ್ಬರಿಗೂ ಬಾರದು. ಆದರೂ ಮುಖಪುಟದ ಅಕ್ಷರಗಳನ್ನು ನೋಡಿ ಅಕ್ಕಸಾಲಿಗ ಊಟ ಮರೆತ. ನಿಂತ ಗೆರೆಗಳು ಕಂಬದ ಹಾಗೆ ದಪ್ಪ. ಅಡ್ಡ ಗೆರೆಗಳು ಕೂದಲಿನಷ್ಟು ತೆಳು. ಪ್ರತಿ ಕಂಬದ ಬುಡಕ್ಕೂ ತಲೆಗೂ ನೂಲೆಳೆದಂಥ ಒಂದು ನೇರ ಪಟ್ಟಿ. ದಪ್ಪವು ನಿಧಾನವಾಗಿ ತೆಳುವಾಗುವುದೆಂಬುದೇ ಅಲ್ಲಿರಲಿಲ್ಲ. ದಪ್ಪ ಮುಗಿಯಿತು, ತೆಳು ಶುರುವಾಯಿತು, ಅಷ್ಟೆ.

"ಇದನ್ನ ಕನ್ನಡಕ್ಕ ತರ್ತೀನಿ" ಎಂದ.

"ನಮ್ಮ ಅಕ್ಷರದಾಗ ಕಂಬ ಎಲ್ಲಿ ಅದಾವೋ? ಎಲ್ಲಾ ದುಂಡಗ ಅದಾವ" ಎಂದ ಯಜಮಾನ.

ಅವನು ಬಿಡಲಿಲ್ಲ. ನಾಲ್ಕು ವರ್ಷ ಕೂತ. ಅಕ್ಷರದ ಹೊಟ್ಟೆಯನ್ನು ದಪ್ಪ ಮಾಡಿದ. ಒಂದು ಹೊಟ್ಟೆಯಿಂದ ಇನ್ನೊಂದಕ್ಕೆ ಹೋಗುವ ತಿರುವನ್ನು ಕೂದಲೆಳೆ ಮಾಡಿದ. ತಲೆಕಟ್ಟಿನ ತುದಿಗೆ ನೂಲಿನಂಥ ಪಟ್ಟಿ ಇಟ್ಟ. ಅಕ್ಷರಗಳು ಹೆಬ್ಬೆರಳಿನಷ್ಟು ದೊಡ್ಡವು. ಮೊದಲ ಹಾಳೆ ನುಣುಪು ಕಾಗದದ ಮೇಲೆ ಅಚ್ಚಾಗಿ ಬಂದಾಗ ಯಜಮಾನ ಅದನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಬೀದಿಯ ತುದಿಯವರೆಗೆ ನಡೆದು ಹೋಗಿ ಎಲ್ಲರಿಗೂ ತೋರಿಸಿ ಬಂದ.

ಅಲ್ಲಿಂದ ಆ ಅಕ್ಷರಕ್ಕೆ ಬಿಡುವೇ ಇಲ್ಲ. ಮದುವೆಯ ಕರೆಯೋಲೆಗೆ ಅದೇ ಬೇಕು, ಸನ್ಮಾನದ ಬಿನ್ನವತ್ತಳೆಗೆ ಅದೇ ಬೇಕು, ಪುಸ್ತಕದ ಮುಖಪುಟಕ್ಕೂ ನಾಟಕ ಕಂಪನಿಯ ಜಾಹೀರಾತಿಗೂ ಅದೇ ಬೇಕು. ಆ ಅಕ್ಷರದಲ್ಲಿ ಹೆಸರು ಬಂದರೆ ಮದುಮಗ ಒಂದು ಗೇಣು ಎತ್ತರವಾಗುತ್ತಿದ್ದ. ಮದುವೆಗೆ ಹೋಗದವರು ಕೂಡ ಕರೆಯೋಲೆಯನ್ನು ಎಸೆಯದೆ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದರು. ಅಕ್ಕಸಾಲಿಗನಿಗೆ ಹೆಮ್ಮೆಯಾಯಿತು. ಹೆಮ್ಮೆ ಪಡುವಂಥ ಕೆಲಸವೇ ಆಗಿತ್ತು ಅದು. ಅದನ್ನು ನಾನು ತಪ್ಪೆನ್ನುವುದಿಲ್ಲ.

ಅವನಿಗೆ ಒಬ್ಬ ಅಕ್ಕ ಇದ್ದಳು. ತಾಯಿಯಿಲ್ಲದ ಅವನನ್ನು ಎತ್ತಿ ಸಾಕಿದವಳು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದಳು. ಅವಳ ಹತ್ತಿರ ತಾಯಿಯ ಕೈಬರಹದ ಒಂದು ಪುಸ್ತಕ. ನೂರೊಂದು ನುಡಿಗಳ ಒಂದು ದೇವರ ಹಾಡು ಅದರಲ್ಲಿತ್ತು. ಮುಂಜಾನೆ ಮಿಂದು ಅದನ್ನು ಓದದೆ ಅವಳು ಬಾಯಿಗೆ ನೀರು ಹಾಕುತ್ತಿರಲಿಲ್ಲ. ಆದರೆ ಪುಸ್ತಕದ ಕೊನೆಯ ಹಾಳೆಗಳನ್ನು ಗೆದ್ದಲು ತಿಂದಿತ್ತು. ಎಪ್ಪತ್ತೆರಡನೆಯ ನುಡಿಗೆ ಪುಸ್ತಕ ಮುಗಿಯುತ್ತಿತ್ತು. ಉಳಿದ ಇಪ್ಪತ್ತೊಂಬತ್ತು ನುಡಿ ಆ ಊರಿನಲ್ಲಿ ಯಾರಿಗೂ ಬಾರದು. ದಿನವೂ ಅವಳು ಎಪ್ಪತ್ತೆರಡಕ್ಕೆ ನಿಂತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, "ಇವತ್ತಿಗೆ ಇಷ್ಟ" ಎಂದು ಮಡಚಿಡುತ್ತಿದ್ದಳು. ನಲವತ್ತು ವರ್ಷ ಹೀಗೆ ನಡೆಯಿತು.

ಅವಳಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಒಂದೇ. ಆ ಹಾಡಿನ ಕೊನೆಯನ್ನು ತನ್ನ ಕಣ್ಣಿನಿಂದ ಓದಬೇಕು. ಆದರೆ ಕಣ್ಣಿಗೆ ಮಂಜು ಇಳಿಯತೊಡಗಿತ್ತು. "ಐದು ವರ್ಷ ಬೆಳಕಿರುತ್ತದೆ, ಆಮೇಲಿನದು ಹೇಳಲಾರೆ" ಎಂದು ವೈದ್ಯರು ಹೇಳಿದ್ದರು.

ಅಂಥ ಹೊತ್ತಿನಲ್ಲಿ ಅಚ್ಚುಕೂಟದ ಯಜಮಾನನಿಗೆ ದೂರದ ಊರಿನ ಒಂದು ಮನೆಯ ಅಟ್ಟದಲ್ಲಿ ಮಾಸಿದ ಓಲೆಗರಿಯಲ್ಲಿ ಅದೇ ಹಾಡಿನ ಪೂರ್ತಿ ಪ್ರತಿ ಸಿಕ್ಕಿತು. ಅಚ್ಚು ಹಾಕಿಸುತ್ತೇನೆ ಎಂದ. ಅಕ್ಕ ಆ ಸುದ್ದಿ ಕೇಳಿ ಅಂದು ಮನೆಯಲ್ಲಿ ಹೋಳಿಗೆ ಮಾಡಿದಳು. ತಮ್ಮ ಹೋಳಿಗೆ ತಿನ್ನುತ್ತಾ, "ಅಕ್ಕಾ, ಆ ಪುಸ್ತಕ ನನ್ನ ಅಕ್ಷರದಾಗ ಬರ್ತೈತಿ" ಎಂದ. ಅವಳ ಸಂತೋಷ ಎರಡಾಯಿತು.

ಎಲ್ಲರ ಕೈಗೂ ಸಿಗಲಿ ಎಂದು ಯಜಮಾನ ಅಂಗೈಯಗಲದ ಪುಸ್ತಕ ಮಾಡಬೇಕೆಂದಿದ್ದ. ಕಾಗದ ಒರಟು. ಅಕ್ಷರ ಜೋಳದ ಕಾಳಿನಷ್ಟಿರಬೇಕು. ಅಕ್ಕಸಾಲಿಗ ತನ್ನ ದೊಡ್ಡ ಅಕ್ಷರವನ್ನು ಮುಂದಿಟ್ಟುಕೊಂಡ. ಒಂದೊಂದು ಭಾಗವನ್ನೂ ಕೈವಾರದಿಂದ ಅಳೆದ. ಹೊಟ್ಟೆ ಎಷ್ಟಿತ್ತೋ ಅದರ ಆರರಲ್ಲೊಂದು ಪಾಲು. ಕೂದಲೆಳೆ ಎಷ್ಟಿತ್ತೋ ಅದರ ಆರರಲ್ಲೊಂದು ಪಾಲು. ಎಲ್ಲಿಯೂ ಒಂದಿಷ್ಟೂ ಆಚೀಚೆ ಆಗದಂತೆ ಮೂರು ವರ್ಷ ಕೂತು ಇಳಿಸಿದ.

ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಒಬ್ಬ ಹಿರಿಯನಿದ್ದ. ಎಲ್ಲರೂ ಅವನನ್ನು ಕಾಕಾ ಎನ್ನುತ್ತಿದ್ದರು. ಅವನು ಒಂದು ಮೊಳೆಯನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದ.

"ಸಣ್ಣ ಅಳತಿಯೊಳಗ ಈ ತೆಳು ಗೆರಿ ತಡಿಯಂಗಿಲ್ಲಪಾ. ಅದಕ್ಕ ಒಂದೀಟು ಮೈ ಬಿಡು" ಎಂದ.

"ಮೈ ಬಿಟ್ರ ಅದು ನನ್ನ ಅಕ್ಷರ ಅಲ್ಲ ಕಾಕಾ."

"ನಿಂದ ಅಲ್ಲಂದ್ರ ಏನಾತು? ಓದಾಕ ಬಂದ್ರ ಸಾಕಲ್ಲ" ಎಂದು ಕಾಕಾ ಮೊಳೆಯನ್ನು ಪೆಟ್ಟಿಗೆಯಲ್ಲಿನ ಅದರ ಮನೆಗೆ ಹಾಕಿ ತನ್ನ ಕೆಲಸಕ್ಕೆ ತಿರುಗಿದ. ಅವನು ಎರಡು ಸಲ ಹೇಳುವ ಜಾತಿಯವನಲ್ಲ.

ಕೆತ್ತನೆಗಾರರಲ್ಲಿ ಒಂದು ವಾಡಿಕೆಯಿದೆ. ಕೆತ್ತಿದ ಕಡ್ಡಿಯ ತುದಿಯನ್ನು ದೀಪದ ಹೊಗೆಗೆ ಹಿಡಿಯುತ್ತಾರೆ. ತುದಿಗೆ ಹತ್ತಿದ ಕಾಡಿಗೆಯನ್ನು ನುಣುಪಾದ ಕಾಗದಕ್ಕೆ ಒತ್ತಿ, ಭೂತಗನ್ನಡಿಯಲ್ಲಿ ನೋಡುತ್ತಾರೆ. ಅಕ್ಕಸಾಲಿಗ ಹಾಗೆಯೇ ನೋಡಿದ. ಹೊಗೆಯ ಕಾಡಿಗೆಗೆ ತೂಕವೆಲ್ಲಿಯದು? ಕೂದಲೆಳೆ ಕೂದಲೆಳೆಯಾಗಿಯೇ ಬಿತ್ತು. ಅವನಿಗೆ ತೃಪ್ತಿಯಾಯಿತು. ಅಚ್ಚಿನ ಮಸಿ ಜಿಗುಟಾಗಿರುತ್ತದೆ, ಸೀಸ ಮೆತ್ತಗಿರುತ್ತದೆ, ಒರಟು ಕಾಗದದಲ್ಲಿ ಉಬ್ಬುತಗ್ಗು ಇರುತ್ತದೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದುದನ್ನು ಅವನು ನೆನಪಿಸಿಕೊಳ್ಳಲಿಲ್ಲ. ಮರೆತವನಿಗಾದರೆ ನೆನಪಿಸಬಹುದು, ನೆನಪಿಸಿಕೊಳ್ಳಲೊಲ್ಲದವನಿಗೆ ಏನು ಮಾಡುವುದು?

ಪುಸ್ತಕ ಅಚ್ಚಾಯಿತು. ಸಣ್ಣ ಮೊಳೆಗಳ ಕೂದಲೆಳೆಗಳಲ್ಲಿ ಕೆಲವು ಮುರಿದವು. ಕೆಲವು ಕಾಗದದ ತಗ್ಗಿನಲ್ಲಿ ಮಸಿ ಹತ್ತದೆ ಹೋದವು. ಹಾಳೆಯ ಮೇಲೆ ಉಳಿದದ್ದು ಅಕ್ಷರಗಳ ಹೊಟ್ಟೆ ಮಾತ್ರ. ಸಾಲುಗಳು ಎಳ್ಳು ಚೆಲ್ಲಿದ ಹಾಗೆ ಕಾಣುತ್ತಿದ್ದವು.

ಆದರೆ ಇದನ್ನು ಯಾರೂ ಹೇಳಲಿಲ್ಲ. ಊರಿನವರು ಪುಸ್ತಕ ತಗೊಂಡರು, ಮೊದಲ ಪುಟ ತೆರೆದರು, ಗಡಗಡ ಓದಿದರು. ಓದದೆ ಏನು? ಮೊದಲ ಹತ್ತು ನುಡಿ ಭಜನೆಯಲ್ಲಿ ಹಾಡಿ ಹಾಡಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಓದಿ, ಅಕ್ಷರವನ್ನು ಹೊಗಳಿ, ಪುಸ್ತಕಕ್ಕೆ ಅರಿಶಿನ ಕುಂಕುಮ ಏರಿಸಿ ದೇವರ ಗೂಡಿನಲ್ಲಿಟ್ಟರು. ಒಂದು ಪುಸ್ತಕವನ್ನು ಓದದೆ ಇರುವುದಕ್ಕೆ ನಮ್ಮ ಜನ ಕಂಡುಕೊಂಡ ದಾರಿಗಳಲ್ಲಿ ಅದು ಬಹಳ ಗೌರವದ್ದು. ಅಕ್ಕಸಾಲಿಗ ಬೀದಿಯಲ್ಲಿ ನಡೆದರೆ ಎಡಗಡೆಯಿಂದ ಒಂದು ಹೊಗಳಿಕೆ, ಬಲಗಡೆಯಿಂದ ಒಂದು.

ಅಕ್ಕನಿಗೆ ಮೊದಲ ಪ್ರತಿಯನ್ನು ಅವನೇ ಕೊಟ್ಟ. ಮರುದಿನ ಅವಳು ಮಿಂದು ಬಂದು ಬಾಗಿಲ ಬೆಳಕಿಗೆ ಕೂತು ಓದಿದಳು. ತಮ್ಮ ಎದುರಿಗೆ ಕೂತು ತನ್ನ ಅಕ್ಷರಗಳನ್ನೇ ನೋಡುತ್ತಿದ್ದ. ಎಲ್ಲಿಯೂ ತಡೆಯಲಿಲ್ಲ ಅವಳು. ನೀರು ಹರಿದ ಹಾಗೆ ಓದಿದಳು. ಎಪ್ಪತ್ತೆರಡನೆಯ ನುಡಿಗೆ ನಿಂತು, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, "ಇವತ್ತಿಗೆ ಇಷ್ಟ" ಎಂದು ಮಡಚಿದಳು.

ನಲವತ್ತು ವರ್ಷದ ರೂಢಿ, ಬಾಯಿ ತಾನಾಗಿ ನಿಂತಿತು ಎಂದುಕೊಂಡ ತಮ್ಮ. ಎರಡನೆಯ ದಿನವೂ ಅವಳು ಅಲ್ಲಿಗೇ ನಿಂತಳು. ಮೂರನೆಯ ದಿನವೂ ಅಲ್ಲಿಗೇ.

"ಅಕ್ಕಾ, ಮುಂದ ಇನ್ನೂ ಅದಾವಲ್ಲ. ಓದಂಗಿಲ್ಲೇನು?"

"ಓದ್ತೀನೇಳು. ನಲವತ್ತು ವರ್ಷ ಕಾದೀನಿ, ಈಗೇನು ಅವಸರ?"

ನಾಲ್ಕನೆಯ ದಿನ ಅವಳು ಎಪ್ಪತ್ತನೆಯ ನುಡಿಯನ್ನು ಹೇಳುತ್ತಿದ್ದಾಗ ಅವನು ಪುಟದ ಅಂಚಿನ ಅಂಕಿ ನೋಡಿದ. ತೆರೆದಿದ್ದ ಪುಟದಲ್ಲಿ ಇದ್ದದ್ದು ಇಪ್ಪತ್ತನೆಯ ನುಡಿ. ಆಗ ಅವನು ಮೊದಲ ಸಲ ಪುಸ್ತಕ ಬಿಟ್ಟು ಅಕ್ಕನ ಮುಖ ನೋಡಿದ. ಅವಳ ಕಣ್ಣು ಹಾಳೆಯ ಮೇಲಿತ್ತು, ಆದರೆ ಸಾಲಿನ ಮೇಲೆ ಸರಿಯುತ್ತಿರಲಿಲ್ಲ.

"ಅಕ್ಕಾ, ನಿನಗ ಕಾಣಸ್ತೈತೇನು?" ಎಂದ.

"ಅಕ್ಷರ ಭಾಳ ಛಂದ ಅದಾವೋ ತಮ್ಮಾ. ನನ್ನ ಕಣ್ಣ ಹೋಗ್ಯಾವ" ಎಂದಳು.

ಅವನು ಎದ್ದು ಹೋಗಿ ಗೂಟಕ್ಕೆ ತೂಗುಹಾಕಿದ್ದ, ಬೇರೆ ಊರಿನಲ್ಲಿ ಅಚ್ಚಾದ ಆ ವರ್ಷದ ಪಂಚಾಂಗ ತಂದ. ಅದೂ ಅಂಥದೇ ಒರಟು ಕಾಗದ. ಅಕ್ಷರವೂ ಅಷ್ಟೇ ಸಣ್ಣದು. ಸವೆದ ಮೊಳೆಯ ಮೊದ್ದು ಅಕ್ಷರ. ಅವನು ಅದನ್ನು ಎಂದೂ ಕೈಯಲ್ಲಿ ಹಿಡಿದು ಕೂಡ ನೋಡಿರಲಿಲ್ಲ. ನಡುವಿನ ಒಂದು ಪುಟ ತೆರೆದು ಅಕ್ಕನ ಮುಂದಿಟ್ಟ. ಅವಳು ಒಲ್ಲೆನೆಂದಳು. ಅವನು ಬಿಡಲಿಲ್ಲ. ಅವಳು ಹಾಳೆಯನ್ನು ಹತ್ತಿರ ತಂದುಕೊಂಡು, ಬೆರಳಿಟ್ಟು, ತಡೆದು ತಡೆದು, ಮೂರು ಸಾಲು ಓದಿದಳು.

ಅವಳ ಕಣ್ಣಿನಲ್ಲಿ ಇನ್ನೂ ಬೆಳಕಿತ್ತು. ಅಕ್ಷರದ ತಪ್ಪನ್ನು ಅವಳು ತನ್ನ ಕಣ್ಣಿನ ಮೇಲೆ ಹಾಕಿಕೊಂಡು ನಾಲ್ಕು ದಿನ ಓದಿದವಳಂತೆ ನಟಿಸಿದ್ದಳು, ತಮ್ಮನ ಮನಸ್ಸು ನೋಯಬಾರದೆಂದು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕೇಳಿದ್ದೀಯಲ್ಲ? ಇವನು ಪಾಪ, ಚಿನ್ನವನ್ನು ಬಿಟ್ಟಿದ್ದ. ಕೈ ಹಾಕಿದ್ದು ಅವಳ ಕೊನೆಯ ಎರಡು ವರ್ಷದ ಬೆಳಕಿಗೆ. ಅದು ತಿಳಿದಾಗ ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ನಾಚಿಕೆಯೇ ಹೆಚ್ಚಾಯಿತು.

"ನಾ ಓದಿ ಹೇಳ್ತೀನಿ, ನೀ ಕೇಳು" ಎಂದ.

"ನೀ ಓದಿದ್ರ ನೀ ಓದಿದಂಗಾತು. ನಾ ಓದಿದಂಗ ಹ್ಯಾಂಗ ಆಗತೈತಿ?" ಎಂದು ಅಕ್ಕ ನಕ್ಕಳು.

ಅವನು ಅಚ್ಚುಕೂಟಕ್ಕೆ ಹೋದ. ಕಾಕಾನ ಮುಂದೆ ನಿಂತ. ನಡೆದದ್ದನ್ನು ಹೇಳಿದ. ಕಾಕಾ 'ನಾನು ಅಂದೇ ಹೇಳಿರಲಿಲ್ಲವೇ' ಎನ್ನಲಿಲ್ಲ. ಹಾಗೆನ್ನದೆ ಇರುವವರು ಲೋಕದಲ್ಲಿ ಬಹಳ ಕಡಿಮೆ, ಸಿಕ್ಕರೆ ನಮಸ್ಕಾರ ಮಾಡು. ಅವನು ಒರಟು ಕಾಗದದ ಒಂದು ಕಟ್ಟು ತೆಗೆದು ಅಕ್ಕಸಾಲಿಗನ ಕೈಗಿಟ್ಟು, "ಹೊಗಿ ಹಿಡದು ನೋಡಬ್ಯಾಡ. ಇದರ ಮ್ಯಾಲ ಒತ್ತಿ ನೋಡು" ಎಂದ.

ದೊಡ್ಡ ಅಕ್ಷರದಲ್ಲಿ ಒತ್ತಿದರೆ ಸಾಲಿಗೆ ಐದಾರು ಅಕ್ಷರವಷ್ಟೇ ಹಿಡಿದು ಹಾಡು ಒಡೆದುಹೋಗುತ್ತಿತ್ತು. ಎಲ್ಲ ಸಣ್ಣ ಅಕ್ಷರಗಳನ್ನೂ ಮತ್ತೆ ಕೆತ್ತುತ್ತ ಕೂತರೆ ಅಕ್ಕನ ಕಣ್ಣು ಅಷ್ಟು ದಿನ ಕಾಯುವುದಿಲ್ಲ. ಅದಕ್ಕೆ ಅವನು ಪೂರ್ತಿ ಪ್ರತಿಯನ್ನು ತಂದು, ಆ ಇಪ್ಪತ್ತೊಂಬತ್ತು ನುಡಿಗಳಲ್ಲಿ ಬರುವ ಅಕ್ಷರಗಳನ್ನಷ್ಟೇ ಹೆಕ್ಕಿ ಪಟ್ಟಿ ಮಾಡಿದ. ನೂರ ಅರವತ್ತು ಕಡ್ಡಿಗಳಾದವು. ಕೈವಾರವನ್ನು ಪೆಟ್ಟಿಗೆಯಲ್ಲಿಟ್ಟು ಕೆತ್ತಲು ಕೂತ.

ಕೂದಲೆಳೆಗೆ ಮೈ ಕೊಟ್ಟ. ಅದು ದಪ್ಪವಾದಾಗ ಹೊಟ್ಟೆ ಅದನ್ನು ನುಂಗುವಂತೆ ಕಂಡಿತು, ಹೊಟ್ಟೆಯನ್ನು ಸ್ವಲ್ಪ ಇಳಿಸಿದ. ಒಳಗಿನ ಬಯಲು ಕಟ್ಟಿಕೊಂಡಂತೆ ಕಂಡಿತು, ಅಕ್ಷರವನ್ನು ಅಗಲ ಮಾಡಿದ. ತಲೆಕಟ್ಟಿನ ತುದಿಯ ನೂಲಿನ ಪಟ್ಟಿ ಎಷ್ಟು ಮಾಡಿದರೂ ನಿಲ್ಲಲಿಲ್ಲ. ಅದನ್ನು ತೆಗೆದೇಬಿಟ್ಟ.

ಹತ್ತು ಅಕ್ಷರ ಮುಗಿದಾಗಲೆಲ್ಲ ಅವುಗಳನ್ನು ಹಿಂದುಮುಂದು ಮಾಡಿ ಜೋಡಿಸಿ, ಒರಟು ಕಾಗದದ ಮೇಲೆ ಒತ್ತಿ, ಅಕ್ಕನ ಮುಂದೆ ಹಿಡಿಯುತ್ತಿದ್ದ. ಆಗ ಅವನು ಕಾಗದವನ್ನು ನೋಡುತ್ತಿರಲಿಲ್ಲ. ಅಕ್ಕನ ಹುಬ್ಬನ್ನು ನೋಡುತ್ತಿದ್ದ. ಯಾವ ಅಕ್ಷರಕ್ಕೆ ಹುಬ್ಬು ಕೂಡುತ್ತಿತ್ತೋ ಅದನ್ನು ಮತ್ತೆ ಕೆತ್ತುತ್ತಿದ್ದ. ಬಾಯಿಂದ ಅವಳು ಎಲ್ಲವೂ ಚೆನ್ನಾಗಿದೆ ಎಂದೇ ಹೇಳುತ್ತಿದ್ದಳು. ಬಾಯಿಯನ್ನು ನಂಬುವುದನ್ನು ಅವನು ಬಿಟ್ಟಿದ್ದ.

"ಮುಪ್ಪಿನ ಕಾಲಕ್ಕ ನನಗ ಅಕ್ಷರಾಭ್ಯಾಸ ಮಾಡಸ್ತೀಯಲ್ಲೋ" ಎಂದು ಅವಳು ನಗುತ್ತಿದ್ದಳು. ನಗುತ್ತಿದ್ದರೂ ಒಂದು ದಿನ ತಪ್ಪಿಸುತ್ತಿರಲಿಲ್ಲ. ಅವಳಿಗೂ ಆಸೆ ಚಿಗುರಿತ್ತು.

ಹನ್ನೊಂದು ತಿಂಗಳಿಗೆ ನೂರ ಅರವತ್ತು ಕಡ್ಡಿ ಮುಗಿದವು. ಯಜಮಾನ ಬಂದು ಭೂತಗನ್ನಡಿಯಲ್ಲಿ ನೋಡಿ ಮುಖ ಕಿವಿಚಿದ.

"ದೊಡ್ಡ ಅಕ್ಷರ ಕುದುರಿಯಂಗ ಇತ್ತಲ್ಲೋ. ಇದು ಎತ್ತಿನಂಗ ಆಗೇತಿ."

"ಹೊಲಕ್ಕ ಎತ್ತ ಬೇಕ್ರಿ" ಎಂದ ಕಾಕಾ, ಮೊಳೆ ಜೋಡಿಸುತ್ತಲೇ.

ದೊಡ್ಡ ಅಕ್ಷರದಲ್ಲಿ ಹಾಡಿನ ಹೆಸರಿಟ್ಟು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನುಡಿಗಳನ್ನು ಜೋಡಿಸಿ, ಒಂದು ಹಾಳೆ ಒತ್ತಿದರು. ಯಜಮಾನ ಅದನ್ನು ಒಂದು ಮೊಳ ದೂರದಲ್ಲಿ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಮೇಲಿನದಕ್ಕೂ ಕೆಳಗಿನದಕ್ಕೂ ಒಂದೇ ಮುಖ, ಒಂದೇ ನಿಲುವು. ಅಳತೆ ತಪ್ಪದೆ ಇಳಿಸಿದಾಗ ಉಳಿಯದ ಹೋಲಿಕೆ, ಅಳತೆ ಬಿಟ್ಟಾಗ ತಾನಾಗಿ ಬಂದು ಕೂತಿತ್ತು. ಯಜಮಾನ ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ.

ಮರುದಿನ ಮುಂಜಾನೆ ಅಕ್ಕ ಎಪ್ಪತ್ತೆರಡು ನುಡಿಯನ್ನು ಪುಸ್ತಕವಿಲ್ಲದೆ ಹೇಳಿ ಮುಗಿಸಿದಳು. ಆಮೇಲೆ ಹೊಸ ಹಾಳೆಗಳನ್ನು ಕೈಗೆ ತಗೊಂಡಳು. ತಮ್ಮ ಎದುರಿಗೆ ಕೂತ. ಅವಳು ಬೆರಳಿಟ್ಟು ಮೊದಲ ಪದ ಓದಿದಳು. ಎರಡನೆಯ ಪದಕ್ಕೆ ಎಡವಿದಳು. ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಒಂದು ಕಡೆ ತಪ್ಪಾಗಿ ಓದಿ, ಅರ್ಥ ಕೂಡದೆ ನಿಂತು, ತಾನೇ ತಿದ್ದಿಕೊಂಡಳು. ಹಿಂದೆ ಹತ್ತು ನುಡಿ ಹೇಳುವ ಹೊತ್ತು ಈಗ ಒಂದು ನುಡಿಗೆ ಹಿಡಿಯಿತು. ಅವಳು ಎಡವಿದಾಗಲೆಲ್ಲ ಅವನಿಗೆ ಸಂತೋಷವಾಗುತ್ತಿತ್ತು. ಎಪ್ಪತ್ತಾರನೆಯ ನುಡಿಯವರೆಗೆ ಓದಿ ಅವಳು ನಿಂತಳು, ಕಣ್ಣು ದಣಿದಿತ್ತು.

ಅವನು ಓಡುತ್ತಲೇ ಅಚ್ಚುಕೂಟಕ್ಕೆ ಹೋದ.

"ಅಕ್ಕ ಎಡವಿದ್ಲು ಕಾಕಾ. ಎಂಟು ಸಲ ಎಡವಿದ್ಲು."

"ಅಕ್ಷರ ಛಂದ ಅದಾವಂದ್ಲೇನು?"

"ಇಲ್ಲ. ಅಕ್ಷರದ ಸುದ್ದೀನ ತಗೀಲಿಲ್ಲ. ಎಪ್ಪತ್ತನಾಲ್ಕನೇ ನುಡಿಯಾಗ ನೀರು ಹೊರೂದು ಹೂ ಹೊತ್ತಂಗ ಅಂತ ಐತಿ. ಅದನ್ನ ಬರದಾಂವ ಬಿಸಲಾಗ ಒಂದ ಕೊಡ ನೀರೂ ಹೊತ್ತಿಲ್ಲ ಅಂತ ಅವನ ಜೋಡಿ ಜಗಳಾ ತಗದಾಳ."

ಕಾಕಾ ಮೊಳೆ ಜೋಡಿಸುವುದನ್ನು ನಿಲ್ಲಿಸಿ ಅವನ ಬೆನ್ನು ತಟ್ಟಿದ. ಅಷ್ಟು ವರ್ಷಗಳಲ್ಲಿ ಆ ಅಕ್ಷರಕ್ಕೆ ಬಂದ ಹೊಗಳಿಕೆಗಳಲ್ಲೆಲ್ಲ ಅಕ್ಕಸಾಲಿಗನಿಗೆ ಕೊನೆಯವರೆಗೆ ನೆನಪಿದ್ದದ್ದು ಅದೊಂದೇ.

ಎಂಟು ದಿನಕ್ಕೆ ಅಕ್ಕ ನೂರೊಂದನೆಯ ನುಡಿ ಓದಿದಳು. ಮತ್ತೆ ಮೊದಲಿನಿಂದ ಓದಿದಳು. ಮುಂದಿನ ಮಳೆಗಾಲದ ಹೊತ್ತಿಗೆ ಅವಳ ಕಣ್ಣಿಗೆ ಪೂರ್ತಿ ಮಂಜು ಇಳಿಯಿತು. ಅಷ್ಟರಲ್ಲಿ ನೂರೊಂದೂ ಅವಳ ಬಾಯಿಗೆ ಬಂದಿದ್ದವು. ದಿನವೂ ಎಪ್ಪತ್ತನಾಲ್ಕರ ಹತ್ತಿರ ಒಂದು ಗಳಿಗೆ ನಿಂತು, ಬರೆದವನಿಗೆ ಎರಡು ಮಾತು ಬೈದು, ಮುಂದೆ ಹೋಗುತ್ತಿದ್ದಳು. ಸುಖವಾಗಿ ಇದ್ದಳು.

ಗುರುಗಳು ಕತೆ ನಿಲ್ಲಿಸಿದರು. ಅಡವಯ್ಯ ಯೋಚಿಸುತ್ತಿದ್ದ.

"ದೊಡ್ಡ ಅಕ್ಷರವನ್ನು ಅವನು ಕರಗಿಸಿಬಿಟ್ಟನೇ ಗುರುಗಳೇ?"

"ಯಾಕೆ ಕರಗಿಸಬೇಕು? ಕರೆಯೋಲೆಗೆ ಅದೇ ಬೇಕಲ್ಲ. ಮುಖಪುಟದಲ್ಲಿ ಅದು ಕೊನೆಯವರೆಗೂ ದೊರೆಯಂತೆಯೇ ಇತ್ತು."

ಅಡವಯ್ಯನ ಮುಖದಲ್ಲಿ ಗೆಲುವು ಬಂತು. "ಹಾಗಾದರೆ ನಾಳೆಯೇ ಮತ್ತೆ ಆ ಊರಿಗೆ ಹೋಗುತ್ತೇನೆ. ತಮ್ಮ ಮಾತು ಅವರಿಗೆ ಕಾಣಬೇಕಾದರೆ ನಾನು ಅದಕ್ಕೆ ಎಷ್ಟು ಮೈ ತುಂಬಬೇಕು, ಅದೊಂದನ್ನು ಹೇಳಿಬಿಡಿ" ಎಂದ.

"ಈಗ ನನ್ನ ಮುಖ ನೋಡಿ ಕೇಳಿದೆಯಲ್ಲ ಅಡವಯ್ಯ, ಇದನ್ನು ಆ ಮೂವತ್ತು ದಿನದಲ್ಲಿ ಒಮ್ಮೆಯಾದರೂ ಅವರ ಮುಖ ನೋಡಿ ಕೇಳಿದ್ದೆಯಾ?" ಎಂದರು ಗುರುಗಳು.